ಕಡಲಿಗೆ ಮುಖ ಮಾಡಿದ ಮನೆಯ ದಿನಗೆಲಸ

ಅಲೆ ಒಡೆಯುವಲ್ಲಿ ಏಳುವ ನೊರೆಗುಳ್ಳೆಗಳು ಸಿಡಿದಾಗ ಉಪ್ಪುನೀರಿನ ಸಣ್ಣ ಹನಿಗಳು ಗಾಳಿಗೆ ಸೇರುತ್ತವೆ. ಅವುಗಳಲ್ಲಿ ದಪ್ಪನೆಯವು ದಡದ ಮೊದಲ ಕೆಲವು ನೂರು ಮೀಟರಿನೊಳಗೇ ಬಿದ್ದುಹೋಗುತ್ತವೆ. ಕೆಲಸದಿಂದ ನಿವೃತ್ತರಾಗಿ, ಪರದೇಶದಲ್ಲಿ ಕಡಲು ಕಾಣುವ ಮನೆಯೇ ಬೇಕೆಂದು ಹುಡುಕಿಕೊಂಡು ಬರುವ ನಮ್ಮಂಥವರು ಬಾಡಿಗೆಗೋ ಕ್ರಯಕ್ಕೋ ಹಿಡಿಯುವುದು ಸರಿಯಾಗಿ ಆ ಪಟ್ಟಿಯನ್ನೇ. ಅಲ್ಲಿಂದ ಮುಂದಿನ ದಿನಚರಿಯನ್ನು ಉಪ್ಪು ಮತ್ತು ಉಬ್ಬರ ಸೇರಿ ಗೊತ್ತುಮಾಡುತ್ತವೆ.

ಮೊದಲು ಉಪ್ಪಿನ ವಿಷಯ. ಎರಡು ಅಂಕಿ ನೆನಪಿದ್ದರೆ ಸಾಕು. ಶುದ್ಧ ಅಡುಗೆ ಉಪ್ಪು, ಗಾಳಿಯ ತೇವಾಂಶ ಸುಮಾರು ಶೇ. 75 ಮುಟ್ಟಿದಾಗ ತಾನಾಗಿ ನೀರು ಹೀರಿ ಕರಗತೊಡಗುತ್ತದೆ. ಕಡಲ ಉಪ್ಪಿನಲ್ಲಿ ಬೆರೆತಿರುವ ಮೆಗ್ನೀಸಿಯಂ ಕ್ಲೋರೈಡಿಗೆ ಶೇ. 33 ಇದ್ದರೂ ನಡೆಯುತ್ತದೆ. ಹಾಗಾಗಿ ಬಿಸಿಲಲ್ಲಿ ಒಣಗಿದಂತೆ ಕಾಣುವ ಕಬ್ಬಿಣದ ಸರಳು ನಿಜಕ್ಕೂ ಒಣಗಿರುವುದಿಲ್ಲ. ಕೈಯಾಡಿಸಿದರೆ ಬೆರಳಿಗೆ ಜಿಗಿ ಹತ್ತುತ್ತದೆ. ಆ ಜಿಗಿಯೇ ಉಪ್ಪುನೀರಿನ ತೆಳು ಪದರ, ಹಗಲೂ ರಾತ್ರಿ ಲೋಹವನ್ನು ತಿನ್ನುವಂಥದ್ದು.

ಇಲ್ಲಿ ಹೆಚ್ಚಿನವರ ಲೆಕ್ಕ ತಲೆಕೆಳಗಾಗುವ ಒಂದು ಸಂಗತಿಯಿದೆ. ಮಳೆಗೆ ಒಡ್ಡಿಕೊಂಡ ಭಾಗ ಬೇಗ ಹಾಳಾಗುತ್ತದೆ, ಸೂರಿನ ಕೆಳಗಿನದು ಬಾಳುತ್ತದೆ ಎಂದು ನಾವೆಲ್ಲ ಅಂದುಕೊಂಡಿರುತ್ತೇವೆ. ಕಡಲ ದಂಡೆಯಲ್ಲಿ ಅದು ತಿರುಗುಮುರುಗು. ಮಳೆ ಉಪ್ಪನ್ನು ತೊಳೆದುಬಿಡುತ್ತದೆ. ಸೂರಿನ ಮರೆಯಲ್ಲಿರುವ ಬಾಗಿಲ ಕೀಲು, ರೇಲಿಂಗಿನ ಅಡಿಭಾಗ, ಬಾಲ್ಕನಿಯ ಚಾವಣಿಗೆ ತೂಗುಹಾಕಿದ ದೀಪ, ಗೋಡೆಗೂ ಪೈಪಿಗೂ ನಡುವಿನ ಕ್ಲಾಂಪು ಇವುಗಳ ಮೇಲೆ ಮಾತ್ರ ಉಪ್ಪು ಪದರದ ಮೇಲೆ ಪದರವಾಗಿ ಕೂರುತ್ತದೆ. ಮಳೆ ತೊಳೆಯದ ಜಾಗವನ್ನು ನಾವೇ ತೊಳೆಯಬೇಕು. ಹೊಸಬರು ತೊಳೆಯುವುದು ಕಣ್ಣಿಗೆ ಬೀಳುವ ಜಾಗವನ್ನು, ಅಂದರೆ ಮಳೆ ಆಗಲೇ ತೊಳೆದಿಟ್ಟದ್ದನ್ನು.

ವಾರಕ್ಕೊಮ್ಮೆ ಸಿಹಿನೀರಿನ ಸ್ನಾನ ಸಾಮಾನ್ಯ ದಿನಗಳಿಗೆ ಸಾಕು. ಕಡಲ ಕಡೆಯಿಂದ ಬಿರುಗಾಳಿ ಬೀಸಿದ್ದರೆ ಮರುದಿನವೇ. ಬೆಳಗಿನ ಹೊತ್ತು ಒಳ್ಳೆಯದು: ರಾತ್ರಿಯಿಡೀ ಗಾಳಿ ನೆಲದಿಂದ ಕಡಲಿಗೆ ಬೀಸುತ್ತಿರುತ್ತದೆ, ಕಡಲಗಾಳಿ ಏಳುವುದು ಬಿಸಿಲೇರಿದ ಮೇಲೆ, ಜೋರಾಗುವುದು ಮಧ್ಯಾಹ್ನ. ಮಧ್ಯಾಹ್ನ ತೊಳೆದರೆ ಒಣಗುವುದರೊಳಗೆ ಹೊಸ ಉಪ್ಪು ಬಂದು ಕೂರುತ್ತದೆ. ನೀರಿಗೆ ಕೊರತೆಯಿರುವ ಊರಾದರೆ ಗಿಡಗಳಿಗೆ ಔಷಧ ಹೊಡೆಯುವ 5 ಲೀಟರಿನ ಕೈಪಂಪು ಸಾಕು. ಒಂದು ಬಾಲ್ಕನಿಯ ರೇಲಿಂಗು, ಕೀಲುಗಳು, ಕಿಟಕಿಯ ಕಾಲುವೆ ಎಲ್ಲಕ್ಕೂ ಅಷ್ಟರಲ್ಲೇ ಆಗುತ್ತದೆ. ಪಂಪಿಗೆ ಔಷಧ ಹಾಕಿದ್ದಿರಬಾರದು, ಹೊಸದೇ ಆಗಿರಲಿ. ಒತ್ತಡದ ಜೆಟ್ ಬೇಡ. ಅದು ಉಪ್ಪನ್ನು ಸೀಲುಗಳ ಒಳಕ್ಕೆ, ಬೇರಿಂಗುಗಳ ಒಳಕ್ಕೆ ತಳ್ಳುತ್ತದೆ.

ಗಾಜನ್ನು ಒಣಬಟ್ಟೆಯಿಂದ ಒರೆಸಲೇಬಾರದು. ಬಟ್ಟೆಗೂ ಗಾಜಿಗೂ ನಡುವೆ ಮರಳಿನ ಕಣ ಇದ್ದೇ ಇರುತ್ತದೆ. ಮರಳಿನ ಸ್ಫಟಿಕದ ಗಡಸುತನ ಮೋಹ್ಸ್ ಅಳತೆಯಲ್ಲಿ 7, ಕಿಟಕಿ ಗಾಜಿನದು 5.5ರ ಆಸುಪಾಸು. ಮೊದಲು ನೀರು ಹರಿಸಿ, ಮರಳು ಇಳಿದುಹೋದ ಮೇಲೆ ಸೋಪುನೀರು, ಕೊನೆಗೆ ರಬ್ಬರ್ ಪಟ್ಟಿಯ ವೈಪರ್. ಕನ್ನಡಕಕ್ಕೂ ಇದೇ ಕ್ರಮ. ದಡದಿಂದ ಬಂದವರು ಅಂಗಿಯ ತುದಿಯಿಂದ ಕನ್ನಡಕ ಒರೆಸಿಕೊಂಡರೆ ಲೆನ್ಸಿನ ಮೇಲಿನ ಲೇಪ ಬೇಗ ಹೋಗುತ್ತದೆ. ಅಲ್ಯೂಮಿನಿಯಂ ಕಿಟಕಿಗಳ ಕೆಳಪಟ್ಟಿಯಲ್ಲಿ ನೀರು ಹೊರಹೋಗಲು ಸಣ್ಣ ತೂತುಗಳಿರುತ್ತವೆ. ಮರಳು ಮೊದಲು ಮುಚ್ಚುವುದು ಅವನ್ನೇ. ಗಾಳಿಮಳೆಯ ದಿನ ಕಿಟಕಿಯಿಂದ ನೀರು ಒಳಗೆ ಸುರಿಯಿತೆಂದರೆ ಬಹಳ ಸಲ ಸೀಲು ಹಾಳಾಗಿರುವುದಿಲ್ಲ, ಈ ತೂತುಗಳು ಕಟ್ಟಿಕೊಂಡಿರುತ್ತವೆ. ಹಲ್ಲುಕಡ್ಡಿಯಿಂದ ಬಿಡಿಸಿ, ಒಂದು ಲೋಟ ನೀರು ಸುರಿದು ಹೊರಗೆ ಬರುತ್ತದೆಯೇ ನೋಡಿದರಾಯಿತು.

ಸ್ಟೀಲು ಎಂದು ಕೊಂಡದ್ದಕ್ಕೂ ಕಂದು ಕಲೆ ಬರುವುದು ಕಂಡು ಮೋಸಹೋದೆವೆಂದು ಅಂದುಕೊಳ್ಳುವವರು ಬಹಳ. ಸ್ಟೇನ್‌ಲೆಸ್ ಸ್ಟೀಲಿನಲ್ಲಿ ಸಾಮಾನ್ಯವಾಗಿ ಸಿಗುವುದು 304 ದರ್ಜೆ. ಕಡಲ ದಂಡೆಗೆ ಬೇಕಾದದ್ದು 316, ಅದರಲ್ಲಿ ಶೇ. 2ರಿಂದ 3ರಷ್ಟು ಮಾಲಿಬ್ಡಿನಂ ಇರುವುದರಿಂದ ಉಪ್ಪಿನಲ್ಲಿರುವ ಕ್ಲೋರೈಡನ್ನು ಹೆಚ್ಚು ತಡೆದುಕೊಳ್ಳುತ್ತದೆ. ಅಯಸ್ಕಾಂತ ಹಿಡಿದು ಇವೆರಡನ್ನು ಬೇರೆ ಮಾಡಲು ಬರುವುದಿಲ್ಲ. ಬೋಲ್ಟಿನ ತಲೆ ನೋಡಬೇಕು: ಎ2 ಎಂದಿದ್ದರೆ 304ರ ಗುಂಪು, ಎ4 ಎಂದಿದ್ದರೆ 316ರ ಗುಂಪು. 316ಕ್ಕೂ ತೊಳೆಯದೆ ಬಿಟ್ಟರೆ ಚಹಾ ಬಣ್ಣದ ಕಲೆ ಹಿಡಿಯುತ್ತದೆ, ಆದರೆ ಅದು ಮೇಲ್ಪದರದ್ದು, ಮೆದು ಸ್ಪಂಜು ಮತ್ತು ಸೋಪುನೀರಿಗೆ ಅಥವಾ ಸಿಟ್ರಿಕ್ ಆಮ್ಲದ ಕ್ಲೀನರಿಗೆ ಹೋಗುತ್ತದೆ. ಕಬ್ಬಿಣದ ನಾರಿನಿಂದ ಉಜ್ಜಿದರೆ ಅದರ ಚೂರುಗಳು ಸ್ಟೀಲಿನ ಮೇಲೆ ಉಳಿದು ತಾವೇ ತುಕ್ಕು ಹಿಡಿಯುತ್ತವೆ. ಬ್ಲೀಚು ತಾಗಿಸಿದರೆ ಇನ್ನೂ ಕೆಟ್ಟದ್ದು, ಅದರಲ್ಲೇ ಕ್ಲೋರಿನ್ ಇದೆ.

ಅಲ್ಯೂಮಿನಿಯಂ ಚೌಕಟ್ಟಿಗೆ ಸ್ಟೀಲಿನ ಸ್ಕ್ರೂ ಹಾಕಿದ ಕಡೆ ಬಿಳಿ ಪುಡಿ ಉಗುಳುತ್ತಿದ್ದರೆ ಎರಡು ಲೋಹಗಳ ನಡುವೆ ಉಪ್ಪುನೀರು ಸಂಪರ್ಕ ಕಲ್ಪಿಸಿದೆ ಎಂದರ್ಥ. ಸವೆಯುವುದು ಅಲ್ಯೂಮಿನಿಯಂ. ಸ್ಕ್ರೂ ಬಿಚ್ಚಿ, ಪುಡಿ ತೊಳೆದು ಒಣಗಿಸಿ, ನೈಲಾನ್ ವಾಷರ್ ಹಾಕಿ ಮತ್ತೆ ಬಿಗಿಯಬೇಕು. ಕೀಲುಗಳಿಗೆ ಅಡುಗೆಮನೆಯ ಎಣ್ಣೆ ಬಿಡುವ ಅಭ್ಯಾಸ ಇಲ್ಲಿ ನಡೆಯದು. ಎಣ್ಣೆಗೆ ಮರಳು ಅಂಟಿ ಅರೆಯುವ ಹಿಟ್ಟಾಗುತ್ತದೆ. ಒಣಗಿದ ಮೇಲೆ ಅಂಟಿಲ್ಲದ ಪದರ ಬಿಡುವ ಟೆಫ್ಲಾನ್ ಸ್ಪ್ರೇ ಸರಿ. ಬೀಗಗಳಿಗೂ ಅದೇ ಇರಲಿ. ಗ್ರಾಫೈಟ್ ಪುಡಿ ಒಳನಾಡಿನ ಬೀಗಗಳಿಗೆ ಚೆನ್ನ, ಉಪ್ಪಿನ ತೇವವಿದ್ದಲ್ಲಿ ಅದು ತಗುಲಿದ ಲೋಹವನ್ನೇ ಬೇಗ ಸವೆಸುತ್ತದೆ. ಬಳಸದ ಬೀಗ, ಚಿಲಕ, ಕಿಟಕಿಯ ಶಟರು, ನೀರಿನ ಮುಖ್ಯ ವಾಲ್ವು ಇವನ್ನೆಲ್ಲ ವಾರಕ್ಕೊಮ್ಮೆ ತಿರುಗಿಸಿ ನೋಡಬೇಕು. ಬಿರುಗಾಳಿಯ ಮುನ್ನೆಚ್ಚರಿಕೆ ಬಂದ ಸಂಜೆ ಶಟರು ಜಾಮ್ ಆಗಿರುವುದು ಗೊತ್ತಾದರೆ ಪ್ರಯೋಜನವಿಲ್ಲ. ಕರೆಂಟು ಸೋರಿದರೆ ತಾನಾಗಿ ಕಡಿದುಬಿಡುವ ಸ್ವಿಚ್ಚಿನ (ಆರ್‌ಸಿಸಿಬಿ) ಟೆಸ್ಟ್ ಗುಂಡಿಯನ್ನು ತಿಂಗಳಿಗೊಮ್ಮೆ ಒತ್ತಬೇಕು. ಹೊರಗಿನ ಸಾಕೆಟ್ಟುಗಳಲ್ಲಿ ಉಪ್ಪು ಕೂತು ಕರೆಂಟು ಸೋರುವುದು ಇಲ್ಲಿ ಅಪರೂಪವಲ್ಲ.

ಎಸಿಯ ಹೊರಘಟಕದ ತೆಳು ರೆಕ್ಕೆಗಳು ಅಲ್ಯೂಮಿನಿಯಂ, ಒಳಗಿನ ಕೊಳವೆ ಹೆಚ್ಚಾಗಿ ತಾಮ್ರ. ಮೇಲೆ ಹೇಳಿದ ಎರಡು ಲೋಹಗಳ ಜಗಳ ಇಲ್ಲೂ ಇದೆ. ಮೇನ್ ಸ್ವಿಚ್ ಆರಿಸಿ, ಮೆಲ್ಲಗೆ ಹರಿಯುವ ಸಿಹಿನೀರಿನಿಂದ ತಿಂಗಳಿಗೆ ಎರಡು ಸಲವಾದರೂ ತೊಳೆಯಬೇಕು. ಕೊಳ್ಳುವಾಗಲೇ ಲೇಪವಿರುವ ರೆಕ್ಕೆಗಳದ್ದನ್ನು ಕೇಳಿ ಪಡೆದರೆ ಲೇಸು.

ಮನೆಯನ್ನು ಕ್ರಯಕ್ಕೆ ಕೊಳ್ಳುವವರು ಬಣ್ಣ ನೋಡುವ ಮುಂಚೆ ಬಾಲ್ಕನಿಯ ತಳಭಾಗ ನೋಡಬೇಕು. ಕಾಂಕ್ರೀಟಿನೊಳಕ್ಕೆ ಕ್ಲೋರೈಡು ಇಳಿದು ಸರಳು ಮುಟ್ಟಿದರೆ ಸರಳು ತುಕ್ಕು ಹಿಡಿದು ಉಬ್ಬುತ್ತದೆ, ಉಬ್ಬಿದ್ದು ಕಾಂಕ್ರೀಟನ್ನು ಒಳಗಿನಿಂದ ಸೀಳುತ್ತದೆ. ಸರಳಿನ ದಿಕ್ಕಿನಲ್ಲೇ ಓಡುವ ನೇರ ಬಿರುಕು, ಅದರ ಅಂಚಿನಲ್ಲಿ ಕಂದು ಕಲೆ, ಸಣ್ಣ ಸುತ್ತಿಗೆಯಿಂದ ತಟ್ಟಿದರೆ ಪೊಳ್ಳು ಸದ್ದು: ಈ ಮೂರರಲ್ಲಿ ಎರಡು ಕಂಡರೂ ಎಂಜಿನಿಯರನ್ನು ಕರೆಸದೆ ಸಹಿ ಹಾಕಬಾರದು. ಹೊಸದಾಗಿ ಬಳಿದ ಬಾಲ್ಕನಿಯ ಅಡಿಭಾಗ ನಮಗಂತೂ ಅನುಮಾನ ಹುಟ್ಟಿಸುತ್ತದೆ. ಇಡೀ ಮನೆಯ ಬಣ್ಣ ಹಳತಾಗಿದ್ದು ಅದೊಂದೇ ಹೊಸದಾಗಿದ್ದರೆ ಅನುಮಾನ ಇನ್ನೂ ಗಟ್ಟಿ.

ಒಳಗಿನ ತೇವದ ಕಥೆ ಬೇರೆ. ಇಲ್ಲಿ ಮೊದಲು ಬೇಕಾದದ್ದು ತೇವಾಂಶ ಅಳೆಯುವ ಸಣ್ಣ ಹೈಗ್ರೋಮೀಟರು, ಕೋಣೆಗೊಂದು. ಅಗ್ಗದ್ದೇ ಸಾಕು, ಆದರೆ ಅವು ಐದಾರು ಅಂಕ ಆಚೀಚೆ ತೋರಿಸುವುದುಂಟು, ಪರೀಕ್ಷಿಸದೆ ನಂಬಬಾರದು. ಪರೀಕ್ಷೆಗೂ ಉಪ್ಪೇ ಬೇಕು. ಬಾಟಲಿಯ ಮುಚ್ಚಳದಲ್ಲಿ ಅಡುಗೆ ಉಪ್ಪು ತುಂಬಿ, ಕೆಲವೇ ಹನಿ ನೀರು ಬಿಟ್ಟು ಒದ್ದೆ ಮರಳಿನ ಹದಕ್ಕೆ ತರಬೇಕು. ಕರಗಿ ನೀರಾದರೆ ಪರೀಕ್ಷೆ ಕೆಟ್ಟಿತು. ಆ ಮುಚ್ಚಳವನ್ನೂ ಹೈಗ್ರೋಮೀಟರನ್ನೂ ಜಿಪ್ ಇರುವ ಪ್ಲಾಸ್ಟಿಕ್ ಚೀಲದೊಳಗೆ ಒಂದಕ್ಕೊಂದು ತಾಗದಂತೆ ಇಟ್ಟು, ಗಾಳಿಯಾಡದಂತೆ ಮುಚ್ಚಿ, ಬಿಸಿಲು ಬೀಳದ ಕಡೆ ಹತ್ತು ಹನ್ನೆರಡು ಗಂಟೆ ಬಿಡಬೇಕು. ಚೀಲದೊಳಗಿನ ಗಾಳಿ ಶೇ. 75ಕ್ಕೆ ಬಂದು ನಿಲ್ಲುತ್ತದೆ. ಮೀಟರು 70 ತೋರಿಸಿದರೆ ಇನ್ನು ಮುಂದೆ ಅದು ಹೇಳಿದ್ದಕ್ಕೆ 5 ಕೂಡಿಸಿ ಓದಿದರಾಯಿತು.

ಮನೆಯೊಳಗೆ ಶೇ. 50ರಿಂದ 60 ಹಿತ. 70ರ ಮೇಲೆ ದಿನಗಟ್ಟಲೆ ನಿಂತರೆ ಚಪ್ಪಲಿ, ಬೆಲ್ಟು, ಪುಸ್ತಕದ ಬೆನ್ನು ಇವುಗಳ ಮೇಲೆ ಬೂಷ್ಟು ಬರುತ್ತದೆ, ಬೀರುವಿನಲ್ಲಿ ಮುಗ್ಗಲು ನಾತ. ಆಗ ಕಿಟಕಿ ತೆರೆದು ಗಾಳಿಯಾಡಿಸುವುದು ಎಲ್ಲರಿಗೂ ತೋಚುವ ಉಪಾಯ, ಅರ್ಧ ಸಲ ಅದರಿಂದ ತೇವ ಹೆಚ್ಚುತ್ತದೆ. ಚಳಿ ಕಳೆದು ಬಿಸಿಲು ಬರುತ್ತಿರುವ ದಿನಗಳಲ್ಲಿ ಗೋಡೆ ಇನ್ನೂ ತಣ್ಣಗಿರುತ್ತದೆ. ಹೊರಗೆ 24 ಡಿಗ್ರಿ, ತೇವಾಂಶ ಶೇ. 80 ಇದ್ದರೆ ಆ ಗಾಳಿಯ ಇಬ್ಬನಿ ಬಿಂದು, ಅಂದರೆ ಅದರ ತೇವ ನೀರಾಗಿ ಕೂರತೊಡಗುವ ಉಷ್ಣತೆ, ಸುಮಾರು 20 ಡಿಗ್ರಿ. ಒಳಗಿನ ಗೋಡೆ 18 ಡಿಗ್ರಿ ಇದ್ದರೆ ಕಿಟಕಿ ತೆರೆದ ಕೂಡಲೇ ಗೋಡೆ ಬೆವರುತ್ತದೆ. ಹವಾಮಾನದ ಆಪ್‌ಗಳಲ್ಲಿ ಇಬ್ಬನಿ ಬಿಂದು ಕೊಟ್ಟಿರುತ್ತಾರೆ. ಅದು ಗೋಡೆಯ ಉಷ್ಣತೆಗಿಂತ ಕೆಳಗಿದ್ದಾಗ ಮಾತ್ರ ಕಿಟಕಿ ತೆರೆಯಬೇಕು. ಉಳಿದ ದಿನ ಮುಚ್ಚಿ, ತೇವ ಹೀರುವ ಯಂತ್ರ ಹಾಕಬೇಕು. ಕಂಪ್ರೆಸರ್ ಇರುವ ಯಂತ್ರ ಸುಮಾರು 15 ಡಿಗ್ರಿಗಿಂತ ತಣ್ಣಗಿನ ಕೋಣೆಯಲ್ಲಿ ಹಿಮ ಕಟ್ಟಿಕೊಂಡು ಮಂದವಾಗುತ್ತದೆ. ಚಳಿಯ ದಡಗಳಿಗೆ ಹೀರುಪದಾರ್ಥದ ಚಕ್ರ ತಿರುಗುವ ಬಗೆ ಬೇಕು, ಅದಕ್ಕೆ ಕರೆಂಟು ಹೆಚ್ಚು. ಬೀರುಗಳನ್ನು ಹೊರಗೋಡೆಯಿಂದ 5 ಸೆಂ.ಮೀ. ಈಚೆಗೆ ಇಟ್ಟರೆ ಹಿಂದೆ ಗಾಳಿ ಓಡಾಡುತ್ತದೆ.

ವಯಸ್ಸಾದವರ ಮನೆಯಲ್ಲಿ ತೇವಕ್ಕೆ ಬಲಿಯಾಗುವ ಬೆಲೆಯುಳ್ಳ ವಸ್ತು ಪೀಠೋಪಕರಣಕ್ಕಿಂತ ಮೊದಲು ಔಷಧ. ಬಚ್ಚಲುಮನೆಯ ಕನ್ನಡಿ ಕಪಾಟಿನಲ್ಲಿ ಮಾತ್ರೆ ಇಡುವ ಪದ್ಧತಿ ಇಲ್ಲಿ ಬಿಡಬೇಕು. ಹಾಳೆಯಲ್ಲಿ ಒತ್ತಿದ ಮಾತ್ರೆಗಳನ್ನು ವಾರದ ಡಬ್ಬಿಗೆ ಬಿಡಿಸಿ ತುಂಬುವವರು ಒಂದು ವಾರದ್ದಕ್ಕಿಂತ ಹೆಚ್ಚು ಬಿಡಿಸಬಾರದು. ಬಾಟಲಿಯೊಳಗೆ ಬಂದ ಸಿಲಿಕಾ ಜೆಲ್ ಪೊಟ್ಟಣವನ್ನು ಎಸೆಯಬಾರದು. ಮುಖ್ಯ ಕಾಗದಪತ್ರ, ಪಾಸ್‌ಪೋರ್ಟು, ಕಿವಿಯ ಯಂತ್ರದ ಬ್ಯಾಟರಿಗಳಿಗೂ ರಬ್ಬರ್ ಅಂಚಿನ ಡಬ್ಬಿ, ಒಳಗೆ ಬಣ್ಣ ಬದಲಿಸುವ ಸಿಲಿಕಾ ಜೆಲ್. ಬಣ್ಣ ತಿರುಗಿದಾಗ ಓವನ್ನಿನಲ್ಲಿ 110-120 ಡಿಗ್ರಿಗೆ ಒಂದೆರಡು ಗಂಟೆ ಒಣಗಿಸಿದರೆ ಮತ್ತೆ ಹೊಸದರಂತೆ. ಕಿವಿಯ ಯಂತ್ರವನ್ನು ರಾತ್ರಿ ತೇವ ಹೀರುವ ಪೆಟ್ಟಿಗೆಯಲ್ಲಿಡಬೇಕು. ಅದನ್ನು ಹಾಕಿಕೊಂಡೇ ಅಲೆಗೆ ಇಳಿದರೆ ರಿಪೇರಿ ಎಂಬ ಮಾತೇ ಇಲ್ಲ.

ಇನ್ನು ಉಬ್ಬರ. ಹೆಚ್ಚಿನ ದಡಗಳಲ್ಲಿ ದಿನಕ್ಕೆ ಎರಡು ಉಬ್ಬರ, ಎರಡು ಇಳಿತ. ಉಬ್ಬರದಿಂದ ಇಳಿತಕ್ಕೆ ಸುಮಾರು 6 ಗಂಟೆ 12 ನಿಮಿಷ. ನಾಳೆಯ ಉಬ್ಬರ ಇವತ್ತಿನದಕ್ಕಿಂತ ಸುಮಾರು 50 ನಿಮಿಷ ತಡ. ಕೆಲವು ಕಡೆ ದಿನಕ್ಕೊಂದೇ. ಮೆಡಿಟರೇನಿಯನ್ನಿನ ಬಹುಪಾಲು ದಡಗಳಲ್ಲಿ ಲೆಕ್ಕಕ್ಕೆ ಸಿಗುವಷ್ಟೂ ಇಲ್ಲ. ಅಮಾವಾಸ್ಯೆ, ಹುಣ್ಣಿಮೆಗಳ ಒಂದೆರಡು ದಿನದ ಆಚೆ ನೀರು ಅತಿ ಮೇಲೇರುತ್ತದೆ, ಅತಿ ಕೆಳಗಿಳಿಯುತ್ತದೆ. ಅಷ್ಟಮಿಗಳ ಆಸುಪಾಸಿನಲ್ಲಿ ಏರಿಳಿತ ಕಡಿಮೆ. ಹೆಚ್ಚಿನವರು ಗಮನಿಸದ ಇನ್ನೊಂದು ಸಂಗತಿ: ಒಂದೇ ಜಾಗದಲ್ಲಿ ಹುಣ್ಣಿಮೆ-ಅಮಾವಾಸ್ಯೆಯ ದೊಡ್ಡ ಉಬ್ಬರ ಯಾವಾಗಲೂ ಹೆಚ್ಚುಕಡಿಮೆ ಗಡಿಯಾರದ ಅದೇ ಹೊತ್ತಿಗೆ ಬರುತ್ತದೆ. ನಿಮ್ಮ ದಡದಲ್ಲಿ ಅದು ಬೆಳಗಿನ ಆರಕ್ಕೆ ಎಂದಾದರೆ ದೊಡ್ಡ ಇಳಿತ ನಡುಹಗಲಿಗೆ ಬೀಳುತ್ತದೆ, ಎಲ್ಲ ತಿಂಗಳೂ. ಇದು ತಿಳಿದರೆ ತಿಥಿ ನೋಡಿಯೇ ವಾಕಿಂಗ್ ಹೊತ್ತು ಅಂದಾಜು ಮಾಡಬಹುದು.

ಉಬ್ಬರದ ಕೋಷ್ಟಕ ಓದುವಾಗ ಎರಡು ಕಡೆ ಎಡವುತ್ತಾರೆ. ಬೇಸಿಗೆಯಲ್ಲಿ ಗಡಿಯಾರ ಒಂದು ಗಂಟೆ ಮುಂದಿಡುವ ದೇಶಗಳಲ್ಲಿ ಕೆಲವು ಕೋಷ್ಟಕಗಳು ಆ ಗಂಟೆಯನ್ನು ಸೇರಿಸಿರುವುದಿಲ್ಲ. ಮೊದಲ ಪುಟದ ಸಣ್ಣಕ್ಷರ ಓದಬೇಕು. ಮತ್ತೆ, ಅಲ್ಲಿ ಕೊಟ್ಟ ಎತ್ತರ ಮರಳಿನಿಂದ ಅಳೆದದ್ದಲ್ಲ, ಕಡಲ ನಕಾಶೆಯ ಆಧಾರಮಟ್ಟದಿಂದ, ಅಂದರೆ ನೀರು ಹೆಚ್ಚುಕಡಿಮೆ ಅತಿ ಕೆಳಗಿಳಿಯುವ ಮಟ್ಟದಿಂದ, ಅಳೆದದ್ದು. ಆದ್ದರಿಂದ ನಿಮ್ಮದೇ ಗುರುತು ಬೇಕು. ದಡಕ್ಕಿಳಿಯುವ ಮೆಟ್ಟಿಲನ್ನೋ ಒಂದು ಬಂಡೆಯನ್ನೋ ಆರಿಸಿ, ಶಾಂತ ದಿನ ನೀರು ಅದನ್ನು ಮುಟ್ಟಿದಾಗ ಕೋಷ್ಟಕದ ಎತ್ತರ ಎಷ್ಟಿತ್ತು ಎಂದು ಬರೆದಿಡಬೇಕು. ಕೋಷ್ಟಕ ಹೇಳುವುದು ಚಂದ್ರ ಸೂರ್ಯರ ಲೆಕ್ಕ ಮಾತ್ರ. ವಾಯುಭಾರ 1 ಹೆಕ್ಟೊಪಾಸ್ಕಲ್ ಇಳಿದರೆ ನೀರು ಸುಮಾರು 1 ಸೆಂ.ಮೀ. ಏರುತ್ತದೆ, ಸಾಮಾನ್ಯದ 1013ರಿಂದ 983ಕ್ಕೆ ಕುಸಿದ ದಿನ 30 ಸೆಂ.ಮೀ. ಕೂಡಿಸಿಕೊಳ್ಳಬೇಕು, ದಡದತ್ತ ಗಾಳಿಯಿದ್ದರೆ ಅದರ ಮೇಲೆ ಇನ್ನಷ್ಟು.

ನಡಿಗೆಗೆ ಹೊರಡುವುದು ಇಳಿತಕ್ಕೆ ಒಂದೂವರೆ ಗಂಟೆ ಮುಂಚೆ, ಹಿಂದಿರುಗಲು ತಿರುಗುವುದು ಇಳಿತದ ಹೊತ್ತಿಗೆ. ಕಾರಣ, ನೀರು ಒಂದೇ ವೇಗದಲ್ಲಿ ಏರುವುದಿಲ್ಲ. ಒಟ್ಟು ಏರಿಕೆ 3.6 ಮೀಟರ್ ಎಂದಿಟ್ಟುಕೊಂಡರೆ ಮೊದಲ ಗಂಟೆ 0.3, ಎರಡನೆಯದರಲ್ಲಿ 0.6, ಮೂರು ಮತ್ತು ನಾಲ್ಕನೆಯದರಲ್ಲಿ 0.9ರಂತೆ, ಆಮೇಲೆ 0.6, ಕೊನೆಗೆ 0.3. ಮೊದಲ ಗಂಟೆಯ ನಿಧಾನ ನೋಡಿ ಇನ್ನೂ ಹೊತ್ತಿದೆ ಎಂದುಕೊಂಡವರು ಮೂರನೆಯ ಗಂಟೆಯಲ್ಲಿ ಬಂಡೆಮೂಲೆಯ ಆಚೆ ಸಿಕ್ಕಿಬೀಳುತ್ತಾರೆ. ಗುಡ್ಡದ ಬುಡ ಸುತ್ತಿ ಹೋಗುವ ದಾರಿಯಾದರೆ ಇಳಿತ ಕಳೆದು ಒಂದು ಗಂಟೆಯೊಳಗೆ ಆ ಮೂಲೆ ದಾಟಿ ಈಚೆಗೆ ಬಂದಿರಬೇಕು.

ಸಡಿಲ ಒಣ ಮರಳಿನಲ್ಲಿ ನಡೆಯಲು ಗಟ್ಟಿ ನೆಲಕ್ಕಿಂತ ಎರಡು ಪಟ್ಟಿಗೂ ಹೆಚ್ಚು ಶಕ್ತಿ ಬೇಕು. ಹೃದಯದ ತೊಂದರೆ ಇರುವವರಿಗೆ ಸಣ್ಣ ವ್ಯತ್ಯಾಸವಲ್ಲ. ಇಳಿತದ ಹೊತ್ತಿನ ಒದ್ದೆ ಮರಳು ಗಟ್ಟಿ, ಹೆಚ್ಚಾಗಿ ಸಮತಟ್ಟು ಕೂಡ. ಉಬ್ಬರದ ಹೊತ್ತು ಉಳಿಯುವುದು ಮೇಲಿನ ಓರೆ ಪಟ್ಟಿ. ಅಲ್ಲಿ ನಡೆದರೆ ಒಂದು ಕಾಲು ಯಾವಾಗಲೂ ಕೆಳಗೆ, ಸೊಂಟಕ್ಕೂ ಮಂಡಿಗೂ ಒಂದೇ ಬದಿಯ ಪೆಟ್ಟು. ಹೋದ ದಾರಿಯಲ್ಲೇ ಹಿಂದಿರುಗಿದರೆ ಎರಡು ಕಾಲಿಗೂ ಸಮನಾಗುತ್ತದೆ, ಬೇರೆ ದಾರಿಯಲ್ಲಿ ಮನೆ ಸೇರುವ ಆಸೆ ಬಿಡಬೇಕು. ಬಿಸಿಲು ಮೇಲಿನಿಂದ ಮಾತ್ರ ಬರುವುದಿಲ್ಲ. ಒಣ ಮರಳು ನೇರಳಾತೀತ ಕಿರಣದ ಸುಮಾರು ಶೇ. 15ನ್ನು, ನೊರೆ ಶೇ. 25ನ್ನು ಹಿಂದಕ್ಕೆ ಎಸೆಯುತ್ತದೆ, ಟೊಪ್ಪಿಯಿದ್ದರೂ ಗಲ್ಲದ ಕೆಳಗೆ ಸುಡುವುದು ಅದರಿಂದ. ರಕ್ತದೊತ್ತಡಕ್ಕೆ ಹೈಡ್ರೋಕ್ಲೋರೋಥಯಜೈಡ್ ನುಂಗುವವರ ಚರ್ಮ ಬಿಸಿಲಿಗೆ ಬೇಗ ಕೆರಳುತ್ತದೆ, ಮೂತ್ರ ಹೆಚ್ಚಿಸುವ ಮಾತ್ರೆಯಾದ್ದರಿಂದ ನೀರೂ ಕಳೆಯುತ್ತದೆ.

ನೀರಿಗಿಳಿಯುವವರಿಗೆ ಎರಡೇ ಮಾತು. 15 ಡಿಗ್ರಿಗಿಂತ ತಣ್ಣಗಿನ ನೀರಿಗೆ ಧುಮುಕಿದರೆ ಮೊದಲ ಒಂದರಿಂದ ಮೂರು ನಿಮಿಷ ಉಸಿರು ಹಿಡಿತಕ್ಕೆ ಸಿಗುವುದಿಲ್ಲ, ರಕ್ತದೊತ್ತಡ ಜಿಗಿಯುತ್ತದೆ. ಆ ಹೊತ್ತು ಈಜಲು ಹೋಗದೆ ಬೆನ್ನ ಮೇಲೆ ತೇಲಬೇಕು. ಹಂತ ಹಂತವಾಗಿ, ಕತ್ತು ಮುಖಕ್ಕೆ ನೀರು ಎರಚಿಕೊಂಡು ಇಳಿಯುವುದು ಮೇಲು. ಇನ್ನೊಂದು, ಒಳಸೆಳೆತ. ಅಲೆಗಳ ಸಾಲಿನಲ್ಲಿ ಒಂದು ಕಡೆ ಮಾತ್ರ ಅಲೆ ಒಡೆಯದೆ, ನೀರು ಕಪ್ಪಾಗಿ ಶಾಂತವಾಗಿ ಕಂಡರೆ ಅದು ಸ್ನಾನಕ್ಕೆ ಒಳ್ಳೆಯ ಜಾಗವಲ್ಲ, ನೀರು ಕಡಲಿಗೆ ಮರಳುವ ಕಾಲುವೆ. ಸಿಕ್ಕಿದರೆ ದಡದ ಕಡೆ ಹೋರಾಡದೆ, ತೇಲುತ್ತಾ ಕೈಯೆತ್ತಿ ಕರೆಯಬೇಕು. ಶಕ್ತಿಯಿದ್ದರೆ ದಡಕ್ಕೆ ಸಮಾನಾಂತರವಾಗಿ ಈಜಿ ಅಲೆ ಒಡೆಯುವ ಜಾಗ ಸೇರಬೇಕು.

ಪರದೇಶ ಎಂಬ ಕಾರಣಕ್ಕೇ ಬೇಕಾಗುವ ಸಿದ್ಧತೆ ಸ್ವಲ್ಪ. ಔಷಧಗಳ ಪಟ್ಟಿಯನ್ನು ಕಂಪನಿಯ ಹೆಸರಿನಲ್ಲಲ್ಲ, ಮೂಲ ಔಷಧದ ಹೆಸರು ಮತ್ತು ಮಿಲಿಗ್ರಾಂ ಪ್ರಮಾಣದಲ್ಲಿ ಬರೆದಿಡಬೇಕು. ಕಂಪನಿಯ ಹೆಸರು ದೇಶಕ್ಕೊಂದು. ಪಿಂಚಣಿ ಕೊಡುವವರು ಕೇಳುವ ಜೀವಂತ ಪ್ರಮಾಣಪತ್ರಕ್ಕೆ ಯಾರ ಸಹಿ ನಡೆಯುತ್ತದೆ ಎಂಬುದನ್ನು ಗಡುವಿಗೆ ಎರಡು ತಿಂಗಳು ಮುಂಚೆಯೇ ವಿಚಾರಿಸಬೇಕು. ಮನೆಯ ವಿಮೆಯಲ್ಲಿ ಪ್ರವಾಹ, ಕಡಲ ನೀರು ನುಗ್ಗುವುದು ಸೇರಿದೆಯೇ ಎಂದು ಪತ್ರದಲ್ಲಿ ಕೇಳಿ ಪತ್ರದಲ್ಲೇ ಉತ್ತರ ಪಡೆಯಬೇಕು. ತುಕ್ಕಿನ ಹಾನಿಯನ್ನು ಸವೆತ ಎಂದು ಬಗೆದು ವಿಮೆ ಕೊಡದಿರುವುದೇ ಸಾಮಾನ್ಯ.

ಮಕ್ಕಳ ಮನೆಗೋ ಊರಿಗೋ ಕೆಲವು ವಾರ ಹೋಗುವಾಗ ಹೊರಗಿನ ಕುರ್ಚಿ ಕುಂಡಗಳೆಲ್ಲ ಒಳಗೆ. ಕೀಲು, ಚಿಲಕಗಳನ್ನು ತೊಳೆದು ಒಣಗಿಸಿ ಸ್ಪ್ರೇ ಹೊಡೆಯಬೇಕು. ನೀರಿನ ಮುಖ್ಯ ವಾಲ್ವು ಮುಚ್ಚಬೇಕು. ಬೀರುವಿನ ಬಾಗಿಲು ಅರೆತೆರೆದು, ತೇವ ಹೀರುವ ಯಂತ್ರದ ಕೊಳವೆಯನ್ನು ಸಿಂಕಿಗೆ ಬಿಟ್ಟು ಶೇ. 60ಕ್ಕೆ ನಿಲ್ಲಿಸಿ ಹೋಗಬೇಕು. ತೊಟ್ಟಿಗೆ ಬಿಟ್ಟರೆ ಅದು ತುಂಬಿದ ಕೂಡಲೇ ಯಂತ್ರ ನಿಂತುಬಿಡುತ್ತದೆ. ಬಚ್ಚಲಿನ ಜಾಲರಿಗಳ ಕೆಳಗಿನ ಬಾಗು ಕೊಳವೆಯಲ್ಲಿ ನಿಂತ ನೀರು ಆವಿಯಾದರೆ ಚರಂಡಿಯ ನಾತ ಒಳಗೆ ಬರುತ್ತದೆ. ಪ್ರತಿಯೊಂದಕ್ಕೂ ಒಂದು ಲೋಟ ನೀರು ಸುರಿದು ಮೇಲೆ ಒಂದು ಚಮಚ ಎಣ್ಣೆ ಬಿಟ್ಟರೆ ಆವಿಯಾಗುವುದು ನಿಧಾನ. ಹಿಂದಿರುಗಿದ ದಿನ ಮೊದಲು ಕಿಟಕಿ ತೆರೆದು, ಷವರಿನ ತಲೆ ಬಿಚ್ಚಿ, ಎಲ್ಲ ನಲ್ಲಿಗಳನ್ನು ಹನಿ ಎರಚದಂತೆ ಮೆಲ್ಲಗೆ ಐದು ನಿಮಿಷ ಬಿಡಬೇಕು. ನಿಂತ ನೀರಿನಲ್ಲಿ ಲೀಜನೆಲ್ಲಾ ಬ್ಯಾಕ್ಟೀರಿಯಾ ಬೆಳೆದಿರಬಹುದು, ಅದು ಹಬ್ಬುವುದು ಉಸಿರಾಡಿದ ತುಂತುರಿನಿಂದ. ಗೀಸರನ್ನು 60 ಡಿಗ್ರಿಗೆ ಕಾಯಿಸಿದ ಮೇಲೆಯೇ ಸ್ನಾನ.